ಇಸ್ನೋಫೀಲಿಯದೊಳಗಿನ ಉಷೆ

ಅಪ್ಪನಿಗೆ ಇಸ್ನೋಫೀಲಿಯ ಇತ್ತು. ಬಿಪಿ ಇದೆ, ಶುಗರ್ ಇದೆ ಅನ್ನುವ ಹಾಗೆಯೇ ಅಮ್ಮ ಅದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಜ್ಜಿಯ ಬಾಯಲ್ಲಿ ಅದು ‘ಇಸ್ನಾಪಿಲಿ’. ಔಷಧಿ ಅಂಗಡಿಯವರು ಇನ್ನಷ್ಟು ಮೊಟಕು ಮಾಡಿ ‘ಇಸ್ನೋ ಜಾಸ್ತಿ ಆಗಿದೆ’ ಅನ್ನುತ್ತಿದ್ದರು. ಯುಗಾದಿಗೆ ಅಟ್ಟ ಇಳಿಸಿ, ಧೂಳು ಹೊಡೆದು, ಸುಣ್ಣ ಬಳಿದ ದಿನ ಹಗಲು ಹೇಗೋ ನಾಲ್ಕಾರು ಸೀನಿನಲ್ಲಿ ಕಳೆಯುತ್ತಿತ್ತು. ರಾತ್ರಿ ಎರಡೋ ಮೂರೋ ಗಂಟೆಗೆ ಅಪ್ಪ ಎದ್ದು ಕೂತು, ಮಂಚದ ಅಂಚಿಗೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ ಉಸಿರು ಎಳೆಯುತ್ತಿದ್ದರು. ಎದೆಯೊಳಗೆ ಸಿಳ್ಳೆ. ಅಮ್ಮ ಬಿಸಿನೀರು ಕಾಯಿಸಿ ತರುತ್ತಿದ್ದಳು. ಬೆಳಕು ಹರಿದು ಬಿಸಿಲು ಏರುವ ಹೊತ್ತಿಗೆ ಉಬ್ಬಸ ಇಳಿದು, ಅಪ್ಪ ಏನೂ ಆಗದವರಂತೆ ಸೈಕಲ್ ಹತ್ತಿ ಕೆಲಸಕ್ಕೆ ಹೊರಡುತ್ತಿದ್ದರು.

ನಮ್ಮ ಮನೆಯ ಅಷ್ಟು ರಾತ್ರಿಗಳ ನಿದ್ದೆ ಕೆಡಿಸಿದ ಆ ಪದದೊಳಗೆ ನಸುಕು ಕೂತಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಪದದ ಪೂರ್ಣ ರೂಪ ‘ಇಯೋಸಿನೋಫೀಲಿಯ’. ಅದನ್ನು ಬಿಡಿಸಿದರೆ ಮೊದಲು ಸಿಗುವುದು ‘ಇಯೋಸ್’. ಗ್ರೀಕರ ಮುಂಜಾವಿನ ದೇವಿ ಅವಳು. ಹೋಮರನ ಕಾವ್ಯಗಳಲ್ಲಿ ಅವಳ ಬೆರಳುಗಳಿಗೆ ಗುಲಾಬಿಯ ಬಣ್ಣ. ಅವಳ ಹೆಸರನ್ನು ಹಿಂದಕ್ಕೆ ಹಿಂದಕ್ಕೆ ಒಯ್ದರೆ ಭಾಷಾಶಾಸ್ತ್ರಜ್ಞರು ನಮ್ಮನ್ನು ನಿಲ್ಲಿಸುವ ಮೂಲಧಾತು ಒಂದೇ. ಅದರಿಂದಲೇ ಲ್ಯಾಟಿನ್ನಿನ ಅರೋರ ಬಂದಳು, ಇಂಗ್ಲಿಷಿನ ‘ಈಸ್ಟ್’ ಬಂತು, ಸಂಸ್ಕೃತದ ಉಷಸ್ ಬಂತು. ಋಗ್ವೇದದ ಸುಮಾರು 20 ಸೂಕ್ತಗಳು ಸ್ತುತಿಸುವ ಉಷೆಯೂ ಹೋಮರನ ಇಯೋಸಳೂ ಒಂದೇ ತಾಯಿಬೇರಿನ ಮಕ್ಕಳು. ಕನ್ನಡಕ್ಕೆ ಉಷೆ ಸಂಸ್ಕೃತದ ಕೈಹಿಡಿದು ಬಂದವಳು. ನಮ್ಮದೇ ಆದ ನಸುಕು, ಬೆಳಗು ಬೇರೆ ಕುಟುಂಬದ ಪದಗಳು. ಆದರೂ ಹೊತ್ತು ಮೂಡುವ ದಿಕ್ಕನ್ನು ನಾವು ಮೂಡಣ ಎಂದೆವು, ಅವರು ನಸುಕಿನ ಧಾತುವಿನಿಂದಲೇ ಈಸ್ಟ್ ಎಂದರು. ಎರಡು ಕುಟುಂಬದವರೂ ಒಂದೇ ಬಾನನ್ನು ನೋಡಿ ಮಾತು ಕಟ್ಟಿದ್ದಾರೆ.

ದೇವಿಯ ಹೆಸರು ‘ಇಸ್ನೋ’ ಎಂಬ ಆ ರಕ್ತಕಣಕ್ಕೆ ಅಂಟಿದ್ದು ನೇರವಾಗಿ ಅಲ್ಲ, ಒಂದು ಬಣ್ಣದ ಮೂಲಕ. 1871ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಫಾನ್ ಬೇಯರ್ ಫ್ಲೋರೆಸೀನ್ ಎಂಬ ಹೊಳೆಯುವ ಹಳದಿ ಬಣ್ಣ ತಯಾರಿಸಿದ. ಬಿಎಎಸ್‌ಎಫ್ ಕಾರ್ಖಾನೆಯಲ್ಲಿದ್ದ ಹೈನ್‌ರಿಶ್ ಕಾರೊ ಅದಕ್ಕೆ ಬ್ರೋಮಿನ್ ಸೇರಿಸಿದಾಗ ಹಳದಿ ಹೋಗಿ ಕೆಂಪುಗುಲಾಬಿ ಬಂತು, ಸೂರ್ಯ ಮೂಡುವ ಮುನ್ನ ಮೂಡಣ ತಾಳುವ ಬಣ್ಣ. ಕಾರೊ ಅದಕ್ಕೆ ‘ಇಯೋಸಿನ್’ ಎಂದು ಹೆಸರಿಟ್ಟ. ಅವನಿಗೆ ಚಿಕ್ಕಂದಿನಲ್ಲಿ ಒಬ್ಬ ಗೆಳತಿ ಇದ್ದಳು, ಅವಳ ಅಡ್ಡಹೆಸರು ಇಯೋಸ್, ಬಣ್ಣದ ಹೆಸರು ಅವಳ ನೆನಪಿನದು ಎಂದು ಬಣ್ಣಗಳ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ನನಗೆ ಈ ಸಂಗತಿ ಬಹಳ ಇಷ್ಟ. ನಮ್ಮಲ್ಲಿ ಉಷಾ ಎಂಬ ಹೆಸರಿನವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಯಾವುದೋ ಊರಿನ ಒಬ್ಬ ಉಷಾಳ ಹೆಸರು ಬಣ್ಣದ ಡಬ್ಬಿಯ ಮೇಲೆ ಏರಿ, ಅಲ್ಲಿಂದ ಸೂಕ್ಷ್ಮದರ್ಶಕದ ಗಾಜಿಗೆ ಇಳಿದು, ಕೊನೆಗೆ ನಮ್ಮ ಅಜ್ಜಿಯ ಬಾಯಲ್ಲಿ ಇಸ್ನಾಪಿಲಿಯಾಗಿ ನಿಂತಿತು.

ಬಣ್ಣ ರೇಷ್ಮೆಗೆ ಹತ್ತಿತು, ಕೆಂಪು ಶಾಯಿಗೆ ಹೋಯಿತು. ಮೇಷ್ಟ್ರುಗಳು ಉತ್ತರಪತ್ರಿಕೆಯ ಮೇಲೆ ಗೀಟು ಎಳೆಯುತ್ತಿದ್ದ ಕೆಂಪು ಶಾಯಿಯ ವಂಶದಲ್ಲಿ ಇಯೋಸಿನ್ ಇದೆ. ಬಿದ್ದು ಮೊಣಕಾಲು ತರಚಿದಾಗ ಹಚ್ಚುತ್ತಿದ್ದ ಮರ್ಕ್ಯುರೋಕ್ರೋಮ್ ಕೂಡ ಅದೇ ಫ್ಲೋರೆಸೀನ್ ಮನೆತನದ್ದು.

ಇನ್ನು ‘ಫಿಲ್’. ಗ್ರೀಕಿನ ‘ಫಿಲೋಸ್’ ಎಂದರೆ ಒಲಿದವನು, ಗೆಳೆಯ. 1870ರ ದಶಕದಲ್ಲಿ ಪಾಲ್ ಏರ್ಲಿಶ್ ಎಂಬ ಎಳೆಯ ವೈದ್ಯನಿಗೆ ಬಣ್ಣಗಳ ಹುಚ್ಚು. ಕಾರ್ಖಾನೆಗಳಿಂದ ಬರುತ್ತಿದ್ದ ಹೊಸ ಬಣ್ಣಗಳನ್ನೆಲ್ಲ ತಂದು ಅಂಗಾಂಶಗಳ ಮೇಲೆ, ರಕ್ತದ ಮೇಲೆ ಹಾಕಿ ನೋಡುವುದೇ ಅವನ ಕೆಲಸ. ಗಾಜಿನ ಮೇಲೆ ರಕ್ತವನ್ನು ತೆಳುವಾಗಿ ಬಳಿದು, ಕಾಯಿಸಿ ಒಣಗಿಸಿ ಇಯೋಸಿನ್ ಹಾಕಿದಾಗ ಕೆಲವೇ ಬಿಳಿಕಣಗಳು, ನೂರರಲ್ಲಿ ನಾಲ್ಕಾರು, ಹೊಟ್ಟೆ ತುಂಬ ಕೆಂಪು ಹರಳುಗಳನ್ನು ತುಂಬಿಕೊಂಡು ಎದ್ದು ಕಂಡವು. ಆ ಹರಳುಗಳು ಪ್ರತ್ಯಾಮ್ಲೀಯ, ಇಯೋಸಿನ್ ಆಮ್ಲೀಯ ಬಣ್ಣ. ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. 1879ರಲ್ಲಿ ಏರ್ಲಿಶ್ ಆ ಕಣಗಳನ್ನು ‘ಇಯೋಸಿನೋಫಿಲ್’ ಎಂದು ಕರೆದ. ಇಯೋಸಿನ್‌ಗೆ ಒಲಿದವು ಎಂದು ಅರ್ಥ. ಬಣ್ಣದ ಪರದೆ ಸರಿಸಿ ನೋಡಿದರೆ ನಸುಕಿಗೆ ಒಲಿದವು, ಉಷಾಪ್ರಿಯ.

ಅದಕ್ಕೂ ಮೊದಲೇ, 1846ರಲ್ಲಿ, ಇಂಗ್ಲೆಂಡಿನ ಥಾಮಸ್ ವಾರ್ಟನ್ ಜೋನ್ಸ್ ಬಣ್ಣವಿಲ್ಲದ ರಕ್ತದಲ್ಲೇ ಹರಳು ತುಂಬಿದ ಕಣಗಳನ್ನು ಕಂಡಿದ್ದ. 1872ರಲ್ಲಿ ಅರ್ನ್ಸ್ಟ್ ಫಾನ್ ಲೈಡನ್ ಉಬ್ಬಸದವರ ಕಫದಲ್ಲಿ ಸೂಜಿಮೊನೆಯಂಥ ಸ್ಫಟಿಕಗಳನ್ನು ನೋಡಿದ್ದ. ಅವು ಇಯೋಸಿನೋಫಿಲ್‌ಗಳು ಒಡೆದು ಬಿದ್ದ ಪ್ರೋಟೀನು ಹೆಪ್ಪುಗಟ್ಟಿದ್ದು ಎಂದು ತಿಳಿಯಲು ಮುಂದೆ ಬಹುಕಾಲ ಬೇಕಾಯಿತು. ನೋಡಿದವರು ಹಲವರು, ಹೆಸರು ಉಳಿದದ್ದು ಬಣ್ಣ ಹಾಕಿದವನದು.

ಆದರೆ ಹೆಸರಿನಲ್ಲಿ ಒಂದು ತೊಡಕಿದೆ. ಗಾಜಿನ ಮೇಲೆ ಒಣಗಿ ಸತ್ತ ಕಣ ಬಣ್ಣವನ್ನು ಹೀರಿತು, ಅಷ್ಟಕ್ಕೇ ಅದನ್ನು ಒಲವು ಎಂದೆವು. ಬದುಕಿದ್ದಾಗ ಆ ಕಣ ಯಾವುದಕ್ಕೆ ಒಲಿಯುತ್ತದೆ, ಯಾರು ಕರೆದರೆ ಹೋಗುತ್ತದೆ ಎಂಬುದು ಹೆಸರಿನಲ್ಲಿ ಇಲ್ಲ. ಏರ್ಲಿಶ್ ಹೆಸರಿಟ್ಟ ಇನ್ನೊಂದು ಕಣಕ್ಕೂ ಇದೇ ಗತಿ. ಕೆಲವು ಕಣಗಳು ಗಡದ್ದಾಗಿ ಉಂಡಂತೆ ತುಂಬಿಕೊಂಡಿದ್ದನ್ನು ಕಂಡು, ದನಕ್ಕೆ ತಿನ್ನಿಸಿ ಕೊಬ್ಬಿಸುವುದಕ್ಕೆ ಜರ್ಮನ್ನಿನಲ್ಲಿ ಇದ್ದ ‘ಮಾಸ್ಟ್’ ಪದವನ್ನು ಅವಕ್ಕೆ ಕೊಟ್ಟ. ಅಲರ್ಜಿಯಲ್ಲಿ ಮೊದಲು ಸಿಡಿಯುವ ಕಣ ಆ ಮಾಸ್ಟ್ ಕಣವೇ. ಅದರೊಳಗೆ ತುಂಬಿದ್ದು ತಿಂದ ಮೇವಲ್ಲ, ಹಿಸ್ಟಮಿನ್ ಮೊದಲಾದ ಮದ್ದಿನ ಸರಕು. ಅಲರ್ಜಿಯ ಎರಡು ಮುಖ್ಯ ಕಣಗಳಿಗೆ ಒಬ್ಬನೇ ಹೆಸರಿಟ್ಟ, ಎರಡೂ ಬಾರಿ ಕಣ್ಣಿಗೆ ಕಂಡದ್ದಕ್ಕೆ ಇಟ್ಟ. ನಾನು ಅವನನ್ನು ದೂರುವುದಿಲ್ಲ. ಕಾಣದ ಕೆಲಸಕ್ಕೆ ಯಾರು ತಾನೇ ಹೆಸರಿಟ್ಟಾರು?

‘ಫಿಲ್’ಗೆ ‘ಇಯ’ ಸೇರಿ ‘ಫಿಲಿಯ’ ಆದಾಗ ಅರ್ಥ ಮತ್ತೊಂದು ಹೆಜ್ಜೆ ಸರಿಯಿತು. ಗ್ರೀಕಿನಲ್ಲಿ ಫಿಲಿಯ ಎಂದರೆ ಗೆಳೆತನ. ಪ್ರಯೋಗಾಲಯದ ಚೀಟಿಯಲ್ಲಿ ಅದು ‘ಹೆಚ್ಚಾಗಿದೆ’ ಎಂಬ ಲೆಕ್ಕ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಈ ಕಣಗಳು 500 ದಾಟಿದರೆ ಇಯೋಸಿನೋಫೀಲಿಯ. ಲೆಕ್ಕದ ಆ ಪದ ನಮ್ಮ ನೆಲದಲ್ಲಿ ಕಾಯಿಲೆಯ ಹೆಸರೇ ಆಗಿಹೋಯಿತು. ಅದಕ್ಕೆ ಒಂದು ಕಥೆ ಇದೆ, ಅದು ಶುರುವಾಗುವುದು ಕೋಲಾರದ ಗಡಿಯಾಚೆ, ಮದನಪಲ್ಲಿಯ ಬಳಿಯ ಆರೋಗ್ಯವರಂ ಕ್ಷಯರೋಗ ಆಸ್ಪತ್ರೆಯಲ್ಲಿ.

ಅಲ್ಲಿಗೆ ಬರುತ್ತಿದ್ದವರಲ್ಲಿ ಕೆಲವರಿಗೆ ಕೆಮ್ಮು ಇತ್ತು, ಮೈ ಬಡಕಲಾಗುತ್ತಿತ್ತು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಚುಕ್ಕೆಗಳಿದ್ದವು. ಕಫದಲ್ಲಿ ಮಾತ್ರ ಕ್ಷಯದ ಕ್ರಿಮಿ ಸಿಗುತ್ತಿರಲಿಲ್ಲ. ರಕ್ತ ನೋಡಿದರೆ ಇಯೋಸಿನೋಫಿಲ್‌ಗಳು ಸಾವಿರ ಸಾವಿರ. 1940ರಲ್ಲಿ ಅಲ್ಲಿನ ವೈದ್ಯ ಫ್ರಿಮೋಟ್ ಮೊಲ್ಲರ್ ಮತ್ತು ಅವರ ಸಹೋದ್ಯೋಗಿ ಬಾರ್ಟನ್ ಇದನ್ನು ಕ್ಷಯದಂತೆ ಕಾಣುವ, ಆದರೆ ಕ್ಷಯವಲ್ಲದ ಸ್ಥಿತಿ ಎಂದು ಬರೆದರು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದಕ್ಕೆ ‘ಟ್ರಾಪಿಕಲ್ ಇಯೋಸಿನೋಫೀಲಿಯ’ ಎಂದು ಹೆಸರು ಕೊಟ್ಟ. ಅವನು ಬಳಸಿದ ಔಷಧಿ ಆರ್ಸೆನಿಕ್ ಕೂಡಿದ್ದು, ಸಿಫಿಲಿಸ್‌ಗೆಂದು ಏರ್ಲಿಶ್ ತಯಾರಿಸಿದ ಮದ್ದಿನ ಪೀಳಿಗೆಯದು. ಕಣಕ್ಕೆ ಹೆಸರಿಟ್ಟವನ ಮದ್ದೇ, ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಅದೇ ಕಣದ ಹೆಸರಿನ ಕಾಯಿಲೆಗೆ ಭಾರತದಲ್ಲಿ ಒದಗಿತು.

ಮೂಲ ಕಾರಣ ಆಮೇಲೆ ತಿಳಿಯಿತು. ಆನೆಕಾಲು ರೋಗ ತರುವ ಫೈಲೇರಿಯ ಹುಳುವಿನ ಮರಿಗಳು ಶ್ವಾಸಕೋಶದಲ್ಲಿ ಸಿಕ್ಕಿಬಿದ್ದಾಗ ದೇಹ ಅತಿಯಾಗಿ ತಿರುಗಿಬೀಳುವುದೇ ಈ ಕಾಯಿಲೆ. ಮೂರು ವಾರದ ಡಿಇಸಿ ಮಾತ್ರೆಗೆ ಅದು ಬಗ್ಗುತ್ತದೆ. ಹಳಬರಿಗೆ ಆ ಮಾತ್ರೆ ಹೆಟ್ರಜಾನ್ ಎಂಬ ಹೆಸರಿನಲ್ಲಿ ಪರಿಚಿತ. ಉಡುಪಿ, ದಕ್ಷಿಣ ಕನ್ನಡದಿಂದ ಹಿಡಿದು ಕಲಬುರಗಿ, ಬೀದರಿನ ತನಕ ಆನೆಕಾಲು ಇದ್ದ ಜಿಲ್ಲೆಗಳಲ್ಲಿ ಮನೆಮನೆಗೆ ಬಂದು ನುಂಗಿಸುತ್ತಿದ್ದ ಮಾತ್ರೆಯೂ ಅದೇ. ರಾತ್ರಿ ಒಣಕೆಮ್ಮು, ಉಬ್ಬಸ, ಚೀಟಿಯಲ್ಲಿ ಈ ಪದ. ಹುಳುವಿನ ಕಾಯಿಲೆಗೂ ಧೂಳಿನ ಅಲರ್ಜಿಗೂ ಲಕ್ಷಣ ಒಂದೇ ತರ, ಚೀಟಿಯ ಪದವೂ ಒಂದೇ. ಹಾಗಾಗಿ ಜನರ ಬಾಯಲ್ಲಿ ಎರಡೂ ಸೇರಿ ಇಸ್ನೋಫೀಲಿಯ ಆಯಿತು ಎಂದು ನನ್ನ ಎಣಿಕೆ. ಧೂಳಿಗೆ ಉಬ್ಬಸ ಬರುತ್ತಿದ್ದ ಅಪ್ಪ ಕೂಡ ಎರಡು ಸಲ ಆ ಮಾತ್ರೆಯ ವರಸೆ ಮುಗಿಸಿದ್ದರು. ಉಬ್ಬಸ ಹೋಗಲಿಲ್ಲ. ಪದ ಒಂದಾದರೆ ಔಷಧಿಯೂ ಒಂದೇ ಎಂದು ನಂಬಿದ್ದ ಕಾಲ ಅದು. ಆ ನೋವು ನನ್ನಲ್ಲಿ ಈಗಲೂ ಇದೆ.

ಬದುಕಿರುವ ಕಣ ಒಲಿಯುವುದು ಯಾವುದಕ್ಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೊಂದು ಗ್ರೀಕ್ ಪದ ಬೇಕಾಯಿತು. ‘ಟ್ಯಾಕ್ಸಿಸ್’ ಎಂದರೆ ಸಾಲುಗೂಡಿಸುವುದು, ಅಣಿಗೊಳಿಸುವುದು. ಮೂಲದಲ್ಲಿ ಅದು ರಣರಂಗದ ಮಾತು, ಸೈನಿಕರನ್ನು ಪಂಕ್ತಿಯಲ್ಲಿ ನಿಲ್ಲಿಸುವ ಮಾತು. ಯುದ್ಧತಂತ್ರದ ‘ಟ್ಯಾಕ್ಟಿಕ್ಸ್’ ಅದರದೇ ಮಗು. ಪದಗಳನ್ನು ಸಾಲಾಗಿ ಜೋಡಿಸುವ ‘ಸಿಂಟ್ಯಾಕ್ಸ್’ ಇನ್ನೊಂದು. ಚರ್ಮವನ್ನು ಜೋಡಿಸಿ ಪ್ರಾಣಿಗೆ ಮತ್ತೆ ರೂಪ ಕೊಡುವ ‘ಟ್ಯಾಕ್ಸಿಡರ್ಮಿ’ ಮತ್ತೊಂದು. ಆ ಕೆಲಸಕ್ಕೆ ಮೈಸೂರಿನ ವ್ಯಾನ್ ಇಂಗೆನ್ ಮನೆತನ ಹೆಸರಾಗಿತ್ತು.

ಈ ಪದವನ್ನು ಜೀವಕೋಶಗಳ ಕಡೆಗೆ ತಿರುಗಿಸಿದವರಲ್ಲಿ ಮುಖ್ಯನಾದವನು ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಪ್ಫೆಫರ್. 1884ರಲ್ಲಿ ಅವನು ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಯಲ್ಲಿ ಮ್ಯಾಲಿಕ್ ಆಮ್ಲವನ್ನು, ಅಂದರೆ ಸೇಬಿನ ಹುಳಿಯನ್ನು, ತುಂಬಿ ನೀರಿಗೆ ಹಿಡಿದ. ಜರೀಗಿಡದ ಗಂಡುಕೋಶಗಳು ಈಜಿಕೊಂಡು ಬಂದು ಕೊಳವೆಯ ಬಾಯಿಗೆ ಮುತ್ತಿದವು. ರಾಸಾಯನಿಕದ ಕರೆಗೆ ಕೋಶ ನಡೆಯುವ ಈ ನಡಿಗೆಗೆ ‘ಕೀಮೋಟ್ಯಾಕ್ಸಿಸ್’ ಎಂಬ ಹೆಸರು ನಿಂತಿತು. ಅದೇ ಕಾಲದಲ್ಲಿ ಮೆಸ್ಸಿನಾದ ಕಡಲತೀರದಲ್ಲಿ ಮೆಚ್ನಿಕೋವ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ, ಅಲೆಮಾರಿ ಕಣಗಳು ಮುಳ್ಳಿನ ಸುತ್ತ ಸೇರುವುದನ್ನು ಕಂಡಿದ್ದ. 1888ರಲ್ಲಿ ಕಣ್ಣಿನ ವೈದ್ಯ ಥಿಯೊಡೋರ್ ಲೇಬರ್ ಬಿಳಿರಕ್ತಕಣಗಳೂ ಇದೇ ರೀತಿ ರಾಸಾಯನಿಕದ ಜಾಡು ಹಿಡಿದು ನಡೆಯುತ್ತವೆ ಎಂದು ತೋರಿಸಿದ. ಹುಳಿಯ ಜಾಡಿನಲ್ಲಿ ಜರೀಗಿಡ, ಉರಿಯೂತದ ಜಾಡಿನಲ್ಲಿ ರಕ್ತಕಣ.

ಆದರೆ ಬಿಳಿಕಣಗಳಲ್ಲೂ ಜಾತಿ ಹಲವು. ಕೀವಾದ ಗಾಯಕ್ಕೆ ನ್ಯೂಟ್ರೋಫಿಲ್‌ಗಳು ಮುಗಿಬೀಳುತ್ತವೆ. ಅಲರ್ಜಿಯಾದ ಶ್ವಾಸನಾಳಕ್ಕೆ ಇಯೋಸಿನೋಫಿಲ್‌ಗಳೇ ಯಾಕೆ ಬರಬೇಕು? ಅವುಗಳಿಗೆ ಮಾತ್ರ ಕೇಳುವ ಕರೆ ಒಂದು ಇರಲೇಬೇಕು. 1992ರಲ್ಲಿ ಆಸ್ಟ್ರಿಯದ ಬಾಡೆನ್ ಊರಿನಲ್ಲಿ ಸೇರಿದ ವಿಜ್ಞಾನಿಗಳು ಬಿಳಿಕಣಗಳನ್ನು ಕರೆಯುವ ಪುಟ್ಟ ಪ್ರೋಟೀನುಗಳಿಗೆಲ್ಲ ‘ಕೀಮೋಕೈನ್’ ಎಂಬ ಕುಲನಾಮ ಒಪ್ಪಿಕೊಂಡರು. ಎರಡು ವರ್ಷಗಳ ಮೇಲೆ, 1994ರಲ್ಲಿ, ಲಂಡನ್ನಿನ ನ್ಯಾಷನಲ್ ಹಾರ್ಟ್ ಅಂಡ್ ಲಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಪೀಟರ್ ಹೋಸೆ, ಟಿಮೊಥಿ ವಿಲಿಯಮ್ಸ್ ಮತ್ತು ಸಂಗಡಿಗರಿಗೆ ಆ ಕರೆ ಸಿಕ್ಕಿತು. ಅವರು ಗಿನಿಯಿಲಿಗಳಿಗೆ ಮೊಟ್ಟೆಯ ಬಿಳಿಯ ಪ್ರೋಟೀನಿನಿಂದ ಅಲರ್ಜಿ ಬರಿಸಿ, ಅದನ್ನೇ ಮತ್ತೆ ಉಸಿರಿಗೆ ಕೊಟ್ಟು, ಶ್ವಾಸಕೋಶ ತೊಳೆದ ನೀರನ್ನು ತೆಗೆದರು. ಆ ನೀರನ್ನು ಬೇರೆ ಗಿನಿಯಿಲಿಗಳ ಚರ್ಮಕ್ಕೆ ಚುಚ್ಚಿದಾಗ ಅಲ್ಲಿಗೆ ಇಯೋಸಿನೋಫಿಲ್‌ಗಳು ಬಂದು ಸೇರಿದವು. ನೀರನ್ನು ಶೋಧಿಸುತ್ತಾ ಹೋಗಿ ಕೊನೆಗೆ ಸಿಕ್ಕಿದ್ದು ಒಂದು ಪುಟ್ಟ ಪ್ರೋಟೀನು. ಅದಕ್ಕೆ ಅವರಿಟ್ಟ ಹೆಸರು ‘ಇಯೋಟ್ಯಾಕ್ಸಿನ್’.

ಈ ಹೆಸರಿನ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಸುಕಿನ ದೇವಿ ಮತ್ತು ಸೇನೆಯ ಪಂಕ್ತಿ, ಎರಡೂ ಒಂದೇ ಪದದಲ್ಲಿ ಸೇರಿವೆ. ಏರ್ಲಿಶ್ ಇಟ್ಟ ಹೆಸರು ಸತ್ತ ಕಣದ ಒಲವನ್ನು ಹೇಳಿತ್ತು, ಬದುಕಿರುವ ಕಣದ ಒಲವಿಗೆ ಹೆಸರು ಸಿಗಲು 115 ವರ್ಷ ಹಿಡಿಯಿತು.

ಕರೆ ಹೇಗೆ ಕೇಳುತ್ತದೆ ಎಂಬುದನ್ನು ನಮ್ಮ ಮನೆಯ ಅಟ್ಟದಿಂದಲೇ ಹೇಳಬಹುದು. ಅಟ್ಟದ ಮೂಲೆಯಲ್ಲಿ ಗೋಣಿಚೀಲದಡಿ ಹಣ್ಣಾಗಲು ಇಟ್ಟ ಹಲಸು ಯಾವ ದಿನ ಹಣ್ಣಾಯಿತು ಎಂದು ಮಕ್ಕಳಿಗೆ ಯಾರೂ ಹೇಳಬೇಕಿಲ್ಲ. ಅಂಗಳದಲ್ಲಿ ಎಳೆಯಾಗಿ ಬಂದ ವಾಸನೆ ನಡುಮನೆಯಲ್ಲಿ ದಟ್ಟ, ಏಣಿಯ ಬುಡದಲ್ಲಿ ಇನ್ನೂ ದಟ್ಟ. ದಟ್ಟವಾಗುವ ಕಡೆಗೆ ಕಾಲು ತಾನೇ ಹೋಗುತ್ತದೆ. ಇಯೋಸಿನೋಫಿಲ್‌ನ ಮೈಮೇಲೆ ಸಿಸಿಆರ್ 3 ಎಂಬ ಗ್ರಾಹಕಗಳಿವೆ. ಇಯೋಟ್ಯಾಕ್ಸಿನ್ ಹಿಡಿಯುವ ಅಂಗೈಗಳು ಅವು. ಮೈಯ ಒಂದು ಮಗ್ಗುಲಿನ ಅಂಗೈಗಳು ಇನ್ನೊಂದು ಮಗ್ಗುಲಿನವಕ್ಕಿಂತ ಹೆಚ್ಚು ತುಂಬಿದರೆ ಕಣ ಆ ಕಡೆಗೆ ಚಾಚಿಕೊಂಡು ಹರಿಯುತ್ತದೆ.

ಅದಕ್ಕೂ ಮೊದಲಿನ ದಾರಿ ದೊಡ್ಡದು. ಅಪ್ಪ ಅಟ್ಟದ ಧೂಳು ಎಳೆದುಕೊಂಡ ಗಳಿಗೆಯಲ್ಲೇ ಮಾಸ್ಟ್ ಕಣಗಳು ಸಿಡಿದು ಸೀನು ತರುತ್ತವೆ. ಶ್ವಾಸನಾಳದ ಒಳಗೋಡೆ ಎಚ್ಚರಿಕೆಯ ಸಂದೇಶ ಹೊರಡಿಸುತ್ತದೆ. ಅದನ್ನು ಕೇಳಿದ ಟಿ ಕಣಗಳು ಮತ್ತು ಅವುಗಳ ನೆಂಟ ಕಣಗಳು ಇಂಟರ್‌ಲ್ಯೂಕಿನ್ 5 ಮತ್ತು ಇಂಟರ್‌ಲ್ಯೂಕಿನ್ 13 ಎಂಬ ಎರಡು ಓಲೆಗಳನ್ನು ಬರೆಯುತ್ತವೆ. ಮೊದಲನೆಯ ಓಲೆ ಮೂಳೆಯ ಮಜ್ಜೆಗೆ ಹೋಗುತ್ತದೆ, ಅಲ್ಲಿ ಇಯೋಸಿನೋಫಿಲ್‌ಗಳು ಬಲಿತು ರಕ್ತಕ್ಕೆ ಇಳಿಯುತ್ತವೆ. ಎರಡನೆಯದು ಶ್ವಾಸನಾಳದ ಗೋಡೆಗೆ, ಇಯೋಟ್ಯಾಕ್ಸಿನ್ ಸುರಿಸು ಎಂದು. ಸುರಿದ ಇಯೋಟ್ಯಾಕ್ಸಿನ್ ರಕ್ತದ ಹರಿವಿನಲ್ಲಿ ಕೊಚ್ಚಿಹೋಗದಂತೆ ರಕ್ತನಾಳದ ಒಳಮೈಯ ಸಕ್ಕರೆಯ ಎಳೆಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ಹರಿದು ಬರುವ ಕಣ ಅಲ್ಲಿ ತಡವರಿಸಿ, ಉರುಳಿ, ಹಿಡಿದು ನಿಂತು, ಗೋಡೆಯ ಸಂದಿನಿಂದ ನುಸುಳಿ ಹೊರಗಿಳಿಯುತ್ತದೆ. ಇಷ್ಟಕ್ಕೆಲ್ಲ ಗಂಟೆಗಳು ಬೇಕು. ಹಗಲು ಗುಡಿಸಿದ ಧೂಳು ರಾತ್ರಿ ಉಬ್ಬಸವಾಗುವುದು ಅದಕ್ಕೇ. ಅಲ್ಲಿಗೆ ತಲುಪಿದ ಕಣ ತನ್ನ ಹರಳುಗಳನ್ನು ಬಿಚ್ಚಿದರೆ, ಹುಳುವನ್ನು ಸುಡಬೇಕಾದ ಅದೇ ಪ್ರತ್ಯಾಮ್ಲೀಯ ಪ್ರೋಟೀನು ಮನೆಯ ಗೋಡೆಯನ್ನೇ ಸುಡುತ್ತದೆ.

ಕರೆಯನ್ನೇ ಮುಚ್ಚಿಹಾಕಿದರೆ ಹೇಗೆ ಎಂದು ಔಷಧಿ ಮಾಡುವವರಿಗೆ ಹೊಳೆಯದೆ ಇರಲಿಲ್ಲ. ಸಿಸಿಆರ್ 3 ಅಂಗೈಗಳನ್ನು ಮುಚ್ಚಿ ನೋಡಿದರು, ಇಯೋಟ್ಯಾಕ್ಸಿನನ್ನೇ ಹಿಡಿದು ಕಟ್ಟಿ ನೋಡಿದರು. ಉಬ್ಬಸದಲ್ಲಿ ನೆಚ್ಚುವಂಥ ಫಲ ಬರಲಿಲ್ಲ. ಇಯೋಟ್ಯಾಕ್ಸಿನ್ ಒಂದೇ ಅಲ್ಲ, ಮನುಷ್ಯರಲ್ಲಿ ಮೂರಿವೆ. ಅವಲ್ಲದೆ ಮಾಸ್ಟ್ ಕಣಗಳು ಸೂಸುವ ಪ್ರೋಸ್ಟಗ್ಲಾಂಡಿನ್ ಕೂಡ ಕರೆಯುತ್ತದೆ. ಒಂದು ಹಲಸನ್ನು ಬಚ್ಚಿಟ್ಟರೆ ಇನ್ನೊಂದರ ವಾಸನೆ ಉಳಿದೇ ಇರುತ್ತದೆ. ಫಲ ಕೊಟ್ಟದ್ದು ಮಜ್ಜೆಗೆ ಹೋಗುವ ಓಲೆಯನ್ನು ತಡೆದಾಗ. ಇಂಟರ್‌ಲ್ಯೂಕಿನ್ 5ನ್ನು ಹಿಡಿಯುವ ಮೆಪೊಲಿಜುಮಾಬ್ 2015ರಲ್ಲಿ ಬಳಕೆಗೆ ಬಂತು. ಅದು ಕೂಡ ಮೊದಲ ಪರೀಕ್ಷೆಗಳಲ್ಲಿ ಸೋತ ಔಷಧಿ. ಉಬ್ಬಸದವರೆಲ್ಲರಿಗೂ ಕೊಡದೆ, ಇಯೋಸಿನೋಫಿಲ್ ಹೆಚ್ಚಿರುವವರನ್ನೇ ಆರಿಸಿ ಕೊಟ್ಟಾಗ ಗೆದ್ದಿತು. ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದ ಆ ಲೆಕ್ಕಕ್ಕೆ ಹೀಗೆ ತಡವಾಗಿ ಬೆಲೆ ಬಂತು.

ಆದರೆ ಆ ಲೆಕ್ಕವನ್ನು ಓದುವಾಗ ಒಂದು ಮಾತು ನೆನಪಿರಬೇಕು. ಇಯೋಸಿನೋಫಿಲ್‌ಗೆ ರಕ್ತ ಮನೆಯಲ್ಲ, ದಾರಿ. ಅದು ರಕ್ತದಲ್ಲಿರುವುದು ಒಂದು ದಿನಕ್ಕಿಂತ ಕಡಿಮೆ ಹೊತ್ತು. ರಕ್ತದಲ್ಲಿ ಒಂದಿದ್ದರೆ ಅಂಗಾಂಶಗಳಲ್ಲಿ ನೂರಕ್ಕೂ ಹೆಚ್ಚು ಇರುತ್ತವೆ. ಚೀಟಿ ಎಣಿಸುವುದು ದಾರಿಯಲ್ಲಿದ್ದವರನ್ನು, ಊರು ತಲುಪಿದವರನ್ನಲ್ಲ.

ದಾರಿಯಲ್ಲಿರುವವರ ಸಂಖ್ಯೆಯೂ ಹೊತ್ತಿಗೊಂದು. ನಮ್ಮ ಮೈಯೇ ತಯಾರಿಸುವ ಕಾರ್ಟಿಸಾಲ್ ಬೆಳಗಿನ ಜಾವ ಏರುತ್ತದೆ, ಏರಿದಂತೆ ರಕ್ತದ ಇಯೋಸಿನೋಫಿಲ್‌ಗಳು ಇಳಿಯುತ್ತವೆ. ಈ ಸಂಬಂಧ ಎಷ್ಟು ಗಟ್ಟಿ ಎಂದರೆ, 1948ರಲ್ಲಿ ಬಾಸ್ಟನ್ನಿನ ಜಾರ್ಜ್ ಥಾರ್ನ್ ಅಡ್ರಿನಲ್ ಗ್ರಂಥಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ಇಂಜೆಕ್ಷನ್ ಕೊಟ್ಟು, ನಾಲ್ಕು ಗಂಟೆಯಲ್ಲಿ ಇಯೋಸಿನೋಫಿಲ್ ಎಷ್ಟು ಇಳಿಯಿತು ಎಂದು ಎಣಿಸುವ ಪರೀಕ್ಷೆಯನ್ನೇ ಮಾಡಿದ್ದ. ನಡುರಾತ್ರಿಯ ಸುಮಾರಿಗೆ ಈ ಕಣಗಳು ಅತಿ ಹೆಚ್ಚು, ಬೆಳಗು ಕಳೆದು ಬಿಸಿಲೇರುವ ಹೊತ್ತಿಗೆ ಅತಿ ಕಡಿಮೆ. ಉಷಾಪ್ರಿಯ ಎಂಬ ಹೆಸರು ಹೊತ್ತ ಕಣ ಉಷೆ ಬಂದಂತೆ ದಾರಿ ಖಾಲಿ ಮಾಡುತ್ತದೆ.

ಅಪ್ಪನನ್ನು ರಕ್ತಪರೀಕ್ಷೆಗೆ ಕರೆದೊಯ್ಯುತ್ತಿದ್ದುದು ಬೆಳಗ್ಗೆ ಹತ್ತಕ್ಕೆ, ಉಬ್ಬಸ ಇಳಿದ ಮೇಲೆ. ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಬಳಿದು, ಬಣ್ಣ ಹಾಕಿ ಒಣಗಲು ಇಡುತ್ತಿದ್ದರು. ಒಮ್ಮೆ ಅಲ್ಲಿನವರು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಸೂಕ್ಷ್ಮದರ್ಶಕದೊಳಗೆ ತೋರಿಸಿದ್ದರು. ಮಸುಕು ಗುಲಾಬಿ ಬಿಲ್ಲೆಗಳ ನಡುವೆ ಒಂದು ದುಂಡನೆಯ ಕಣ, ನಡುವೆ ಕನ್ನಡಕದ ಹಾಗೆ ಎರಡು ನೀಲಿ ಉಂಡೆ, ಸುತ್ತ ಕಿಕ್ಕಿರಿದ ಕೆಂಪು ಹರಳು. ‘ನಿಮ್ಮಪ್ಪಂದು’ ಎಂದರು. ನಾನು ಅದು ಅಲ್ಲೇ ಇರುವ ವಸ್ತು ಎಂದುಕೊಂಡು ನೋಡಿದ್ದೆ. ಅದು ಎಲ್ಲಿಗೋ ಹೊರಟಿತ್ತು.